ಎದೆ ಸೀಳದೆ ಹೆಪ್ಪು ತೆಗೆದವರು

ಒಂದು ಕಾಲು ಬಾತುಕೊಂಡರೆ ಎಣ್ಣೆ ಹಚ್ಚಿ ನೀವಿ, ಶಾಖ ಕೊಟ್ಟು ಸುಮ್ಮನಾಗುವುದು ನಮ್ಮ ಮನೆಗಳ ರೂಢಿ. ಆದರೆ ಆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ? ಅದರ ತುಂಡು ಕಳಚಿ, ಹೃದಯ ದಾಟಿ, ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ವೈದ್ಯರು ಇದನ್ನು ಪಲ್ಮನರಿ ಎಂಬಾಲಿಸಮ್ ಅನ್ನುತ್ತಾರೆ. ತುಂಡು ದೊಡ್ಡದಾದರೆ ನಿಮಿಷಗಳಲ್ಲೇ ಜೀವ ಹೋಗಬಹುದು.

ಈ ಹೆಪ್ಪನ್ನು ಹೊರತೆಗೆಯಲು ವೈದ್ಯರು ಬಹಳ ವರ್ಷ ಹೆಣಗಿದರು. 1908ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಎದೆ ತೆರೆದು ತೆಗೆಯುವ ವಿಧಾನ ಪ್ರಕಟಿಸಿದರು. ಆದರೆ ಅವರ ರೋಗಿಗಳು ಬದುಕಲಿಲ್ಲ. ಈ ಶಸ್ತ್ರಚಿಕಿತ್ಸೆಯಿಂದ ಮೊದಲ ಜೀವ ಉಳಿದದ್ದು 16 ವರ್ಷಗಳ ನಂತರ, 1924ರಲ್ಲಿ, ಮಾರ್ಟಿನ್ ಕಿರ್ಶ್ನರ್ ಕೈಯಲ್ಲಿ.

ಇನ್ನೊಂದು ದಾರಿ ತೋರಿಸಿದವರು ವರ್ನರ್ ಫೋರ್ಸ್‌ಮನ್. 1929ರಲ್ಲಿ ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡೆ ಊರಿನ ಆಸ್ಪತ್ರೆಯಲ್ಲಿ ಈ ಎಳೆಯ ವೈದ್ಯರು, ಮೇಲಿನವರು ಬೇಡವೆಂದರೂ ಕೇಳದೆ, ತಮ್ಮ ತೋಳಿನ ರಕ್ತನಾಳದೊಳಗೆ 65 ಸೆಂಟಿಮೀಟರ್ ತೆಳು ನಳಿಕೆ ತೂರಿಸಿಕೊಂಡರು. ಹಾಗೇ ನಡೆದು ಹೋಗಿ ಎಕ್ಸ್‌ರೇ ತೆಗೆಸಿದರು. ನಳಿಕೆ ಹೃದಯ ಮುಟ್ಟಿತ್ತು, ಅವರು ಬದುಕಿದ್ದರು! 1956ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು.

ಅದೇ ದಾರಿಯಲ್ಲಿ ಅಮೆರಿಕದ ಶಸ್ತ್ರವೈದ್ಯ ಲಾಜರ್ ಗ್ರೀನ್‌ಫೀಲ್ಡ್ ಹೆಪ್ಪು ಇರುವ ಜಾಗಕ್ಕೇ ಹೋದರು. ಅವರ ನಳಿಕೆಯ, ಅಂದರೆ ಕ್ಯಾಥೆಟರ್‌ನ ತುದಿಯಲ್ಲಿ ಪುಟ್ಟ ಬಟ್ಟಲು ಇತ್ತು. ಹೊರಗಿನಿಂದ ಸಿರಿಂಜ್‌ನಲ್ಲಿ ಹೀರಿದರೆ ಹೆಪ್ಪು ಬಟ್ಟಲಿಗೆ ಕಚ್ಚಿಕೊಳ್ಳುತ್ತಿತ್ತು. ಹಾಗೇ ಮೆಲ್ಲಗೆ ಎಳೆದು ತೆಗೆಯುವುದು. 1971ರಲ್ಲಿ ಅವರ ತಂಡ ಇದನ್ನು ಪ್ರಕಟಿಸಿತು. ಆಮೇಲೆ ತೈಲ ಉದ್ಯಮದ ಇಂಜಿನಿಯರ್ ಗಾರ್ಮನ್ ಕಿಮ್ಮೆಲ್ ಜೊತೆ ಸೇರಿ, ಹೊಟ್ಟೆಯ ದೊಡ್ಡ ರಕ್ತನಾಳದಲ್ಲಿ ಕೂರಿಸುವ ಜಾಲರಿಯನ್ನೂ ರೂಪಿಸಿದರು. ನಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಜಾಲರಿ ನೆನಪಿಸಿಕೊಳ್ಳಿ: ನೀರು ಹರಿಯುತ್ತದೆ, ಕಸ ನಿಲ್ಲುತ್ತದೆ.

ಇಂದಿನ ಕ್ಯಾಥೆಟರ್‌ಗಳು ಹೆಪ್ಪನ್ನು ಹೀರುತ್ತವೆ, ಇಲ್ಲವೇ ಕರಗಿಸುವ ಔಷಧಿಯನ್ನು ಹೆಪ್ಪಿನ ಮೇಲೇ ಬಿಡುತ್ತವೆ. ಎಲ್ಲರಿಗೂ ಇದು ಬೇಕಿಲ್ಲ. ಹೆಚ್ಚಿನವರಿಗೆ ಹೆಪ್ಪು ಬೆಳೆಯದಂತೆ ತಡೆಯುವ ಔಷಧಿಯೇ ಸಾಕಾಗುತ್ತದೆ.

ಆದರೆ ಯಾವ ಚಿಕಿತ್ಸೆಯೂ ಸಿಗಬೇಕಾದರೆ ರೋಗಿ ಸಮಯಕ್ಕೆ ಆಸ್ಪತ್ರೆ ಮುಟ್ಟಬೇಕು. ಆಪರೇಷನ್, ಹೆರಿಗೆ, ಮೂಳೆ ಮುರಿತದ ನಂತರ ಅಥವಾ ಬಹಳ ದಿನ ಮಲಗಿದ್ದಾಗ ಒಂದೇ ಕಾಲು ಬಾತು ನೋಯುತ್ತಿದ್ದರೆ ನೀವಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಬೆಳಗಾಗಲಿ ಅನ್ನಬೇಡಿ. 108ಕ್ಕೆ ಫೋನ್ ಮಾಡಿ.