ಜಗಳವಿಲ್ಲದ ಗಡಿ: 1953ರ ಬಳ್ಳಾರಿ ಪ್ರಶ್ನೆ ಮತ್ತು ಪಡುವಣ ತಾಲ್ಲೂಕುಗಳು

ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂಬ 1953ರ ಪ್ರಶ್ನೆಯ ಬಗ್ಗೆ ನಮ್ಮಲ್ಲಿ ಬಂದಿರುವ ಬರವಣಿಗೆಯ ಬಹುಪಾಲು ಬಳ್ಳಾರಿ ಪಟ್ಟಣದ ಸುತ್ತಲೇ ಇದೆ. ಹಾಗಾದದ್ದು ಸಹಜ. ವ್ಯಾಜ್ಯ ನಡೆದದ್ದು ಬಳ್ಳಾರಿ ತಾಲ್ಲೂಕಿನ ಮೇಲೆ, ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ವಿಚಾರಣೆ ನಡೆಸಿದ್ದು ಅದೊಂದರ ಬಗ್ಗೆಯೇ. ಕನ್ನಡದ ಹೋರಾಟದಲ್ಲಿ ಪಿಂಜಾರ ರಂಜಾನ್ ಸಾಬ್ ಪ್ರಾಣ ಕೊಟ್ಟದ್ದೂ ಅದೇ ಪಟ್ಟಣದಲ್ಲಿ. ಆದರೆ ಅದೇ ವರ್ಷ, ಆಂಧ್ರ ರಾಜ್ಯವನ್ನು ರಚಿಸಿದ ಕಾಯಿದೆಯ ಅಡಿಯಲ್ಲೇ ಮದ್ರಾಸ್ ರಾಜ್ಯ ಬಿಟ್ಟು ಮೈಸೂರು ಸೇರಿದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಏಕೀಕರಣದ ಚರಿತ್ರೆಯಲ್ಲಿ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು. ಹಗರಿಬೊಮ್ಮನಹಳ್ಳಿ ತಾಲ್ಲೂಕಾದದ್ದು ಆಮೇಲೆ. ಈ ಪಡುವಣ ಸೀಮೆಯನ್ನು ನಡುವೆ ಇಟ್ಟುಕೊಂಡು ನೋಡಿದರೆ 1953ರ ಕಥೆಯೇ ಬೇರೆಯಾಗುತ್ತದೆ ಎಂಬುದು ಈ ಲೇಖನದ ವಾದ. ಯಾರೂ ತಕರಾರು ಎತ್ತದ ಈ ನೆಲ ಕನ್ನಡದ ಹಕ್ಕೊತ್ತಾಯಕ್ಕೆ ಬುನಾದಿಯಾಯಿತು. ಅದೇ ವರ್ಷ ತುಂಗಭದ್ರೆಯ ಹಿನ್ನೀರಿಗೆ ತನ್ನ ಹೊಲಮನೆಗಳನ್ನೂ ಕೊಟ್ಟಿತು. ಎರಡನ್ನೂ ಒಟ್ಟಿಗೆ ಓದದೆ ಇಲ್ಲಿನ ಇಪ್ಪತ್ತನೆಯ ಶತಮಾನ ಅರ್ಥವಾಗುವುದಿಲ್ಲ.

ಮೊದಲು ಗಡಿಯ ವಿಷಯ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಇತ್ತು. ಅಲ್ಲಿಂದ ಒಂದೂವರೆ ಶತಮಾನ ಈ ಊರುಗಳ ಕಂದಾಯ, ಕೋರ್ಟು, ಕಾನೂನು ಎಲ್ಲಕ್ಕೂ ಮದ್ರಾಸೇ ರಾಜಧಾನಿ. ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಿಕೊಂಡಾಗ ಬಳ್ಳಾರಿ ಜಿಲ್ಲೆ ಯಾರ ಪಾಲಿಗೆ ಎಂಬ ಪ್ರಶ್ನೆ ಎದ್ದಿತು. 1921ರಲ್ಲಿ ಎನ್. ಸಿ. ಕೇಳ್ಕರ್ ತೀರ್ಪು ಕೊಟ್ಟರು: ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದದ್ದು ಕರ್ನಾಟಕಕ್ಕೆ. ಅದು ಒಂದು ಪಕ್ಷದ ಒಳಗಿನ ಹಂಚಿಕೆ, ಸರ್ಕಾರದ ಆಜ್ಞೆಯಲ್ಲ. ಆದರೂ 32 ವರ್ಷಗಳ ಆಮೇಲೆ ಸಂಸತ್ತು ಎಳೆದ ಗೆರೆ ಹೆಚ್ಚುಕಡಿಮೆ ಅದೇ. ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ತೀರಿಕೊಂಡರು. ಆ ಹೊಸ ರಾಜ್ಯದ ರಚನೆಯ ಬಗ್ಗೆ ನ್ಯಾಯಮೂರ್ತಿ ವಾಂಛೂ ವರದಿ ಕೊಟ್ಟರು. 1953ರ ಮಾರ್ಚ್ 25ರಂದು ನೆಹರೂ ಸಂಸತ್ತಿನಲ್ಲಿ ಮಾಡಿದ ಘೋಷಣೆಯಲ್ಲಿ ಹರಪನಹಳ್ಳಿ, ಹಡಗಲಿ, ಹೊಸಪೇಟೆ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ ಈ ಆರು ತಾಲ್ಲೂಕುಗಳು ಮೈಸೂರಿಗೆ ಎಂದಾಯಿತು. ಬಳ್ಳಾರಿ ತಾಲ್ಲೂಕಿನ ನಿರ್ಧಾರ ಮಾತ್ರ ಮುಂದಕ್ಕೆ ಹೋಯಿತು; ಅದೂ ಮೈಸೂರಿಗೇ ಸೇರಬೇಕೆಂದು ಮಿಶ್ರಾ ವರದಿ ಹೇಳಿತು. ಅಕ್ಟೋಬರ್ 1ರಂದು ಏಳೂ ತಾಲ್ಲೂಕುಗಳು ಒಟ್ಟಿಗೆ ಬಂದವು. ಮದ್ರಾಸ್ ವಿಧಾನಸಭೆಗೆ ಈ ಭಾಗದಿಂದ ಆರಿಸಿಹೋಗಿದ್ದವರು ಮೈಸೂರು ವಿಧಾನಸಭೆಯ ಸದಸ್ಯರಾದರು.

ಇಲ್ಲಿ ನಕ್ಷೆಯನ್ನು ಎದುರಿಗಿಟ್ಟುಕೊಳ್ಳಬೇಕು. ಹರಪನಹಳ್ಳಿಯ ದಕ್ಷಿಣಕ್ಕೆ ದಾವಣಗೆರೆ. ಕೂಡ್ಲಿಗಿಯ ದಕ್ಷಿಣಕ್ಕೆ ಜಗಳೂರು, ಮೊಳಕಾಲ್ಮೂರು. ಇವೆಲ್ಲ ಹಳೆಯ ಮೈಸೂರಿನ ಚಿತ್ರದುರ್ಗ ಜಿಲ್ಲೆಯವು. ಬಳ್ಳಾರಿ, ಹೊಸಪೇಟೆಗಳನ್ನು ಮೈಸೂರಿಗೆ ಭದ್ರವಾಗಿ ಬೆಸೆದದ್ದು ಈ ಪಡುವಣ ನೆಲ. ಕೂಡ್ಲಿಗಿ, ಹರಪನಹಳ್ಳಿಗಳ ಮೇಲೂ ತಕರಾರು ಎದ್ದಿದ್ದರೆ ಬಳ್ಳಾರಿ ಪಟ್ಟಣದ ಕನ್ನಡಿಗರ ಹೋರಾಟ ಎಷ್ಟು ಕಠಿಣವಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಗಲಾಟೆಯಿಲ್ಲದೆ ಬಂದ ನೆಲವನ್ನು ಲೆಕ್ಕಕ್ಕೇ ಹಿಡಿಯದಿರುವುದು ನಮ್ಮ ಇತಿಹಾಸಕಾರರ ದೊಡ್ಡ ಲೋಪವೆಂದೇ ನಾನು ಭಾವಿಸುತ್ತೇನೆ.

ಗಲಾಟೆಯಿರಲಿಲ್ಲ ಎಂದ ಮಾತ್ರಕ್ಕೆ ಎಚ್ಚರವಿರಲಿಲ್ಲ ಎಂದು ತಿಳಿಯಬೇಕಾಗಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಸಮ್ಮೇಳನಗಳ ಪಟ್ಟಿ ನೋಡಿ: 1945 ಮದ್ರಾಸ್, 1947 ಹರಪನಹಳ್ಳಿ, 1948 ಕಾಸರಗೋಡು, 1949 ಕಲಬುರಗಿ, 1950 ಸೊಲ್ಲಾಪುರ, 1951 ಮುಂಬಯಿ. ಇವುಗಳಲ್ಲಿ ಒಂದೂ ಮೈಸೂರು ಸಂಸ್ಥಾನದೊಳಗಿನ ಊರಲ್ಲ. ಪರಿಷತ್ತು ಕನ್ನಡದ ಗಡಿಗಳನ್ನು ಒಂದೊಂದಾಗಿ ತುಳಿದು ಬಂದಂತಿದೆ ಈ ಸಾಲು. ಅದರಲ್ಲಿ ಸಿ. ಕೆ. ವೆಂಕಟರಾಮಯ್ಯನವರ ಅಧ್ಯಕ್ಷತೆಯ ಹರಪನಹಳ್ಳಿ ಸಮ್ಮೇಳನ ಸ್ವಾತಂತ್ರ್ಯ ಬಂದ ವರ್ಷದ್ದೇ. ಜಿಲ್ಲಾ ಕೇಂದ್ರವೂ ಅಲ್ಲದ ಒಂದು ತಾಲ್ಲೂಕು ಪಟ್ಟಣ ನಾಡಿನ ಸಾಹಿತಿಗಳನ್ನೆಲ್ಲ ಕರೆಸಿ ಉಣಬಡಿಸಿತೆಂದರೆ ಅಲ್ಲಿನ ವರ್ತಕರು, ಮೇಷ್ಟ್ರುಗಳು, ಮಠಗಳು ಎಷ್ಟು ದುಡಿದಿರಬೇಕು! ಹಾಸ್ಯ ಲೇಖಕ ಬೀಚಿ ಹುಟ್ಟಿದ ಊರು ಅದು. ಓದುವ ರೂಢಿ ಅಲ್ಲಿ ಹೊಸದಾಗಿರಲಿಲ್ಲ. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿಟ್ಟು ಕಟ್ಟಿದ ಹುತಾತ್ಮರ ಸ್ಮಾರಕವೂ ಈ ಸೀಮೆಯ ರಾಜಕೀಯ ಪ್ರಜ್ಞೆಗೆ ಸಾಕ್ಷಿ. ಹಡಗಲಿ ತಾಲ್ಲೂಕಿನ ಸ್ಥಿತಿ ಇನ್ನೂ ವಿಚಿತ್ರ: ತುಂಗಭದ್ರೆಯ ಈ ದಡ ಮದ್ರಾಸ್, ಆ ದಡದಲ್ಲಿ ಮೇಲ್ಗಡೆ ಮುಂಬಯಿ ಪ್ರಾಂತ, ಕೆಳಗಡೆ ನಿಜಾಮನ ಕೊಪ್ಪಳ. ಬೀಗತನಕ್ಕೂ ಜಾತ್ರೆಗೂ ಹೊಳೆ ದಾಟುವ ಜನರಿಗೆ ಮೂರು ಸರ್ಕಾರಗಳ ನೆರೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಮುನ್ನ ಆಚೆ ದಡದ ಮುಂಡರಗಿಯಲ್ಲಿ ರಜಾಕಾರರ ವಿರುದ್ಧದ ಶಿಬಿರ ನಡೆಯುತ್ತಿದ್ದಾಗ ಈ ಗಡಿಯ ಬಿಸಿ ಹೊಳೆಸಾಲಿನ ಊರುಗಳಿಗೆ ದೂರದ್ದಾಗಿರಲಿಲ್ಲ.

ಇನ್ನು ನೀರಿನ ಮಾತು. 1944ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ತುಂಗಭದ್ರಾ ಅಣೆಕಟ್ಟೆಯ ಬಗ್ಗೆ ಒಪ್ಪಂದಕ್ಕೆ ಬಂದವು. 1945ರ ಫೆಬ್ರುವರಿ 28ರಂದು ಈ ದಡದಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್, ಆ ದಡದಲ್ಲಿ ಬೇರಾರಿನ ಯುವರಾಜ ಅಡಿಗಲ್ಲು ಹಾಕಿದರು. ಮುಖ್ಯ ಇಂಜಿನಿಯರ್ ತಿರುಮಲೈ ಅಯ್ಯಂಗಾರ್. ದೇಶದಲ್ಲಿ ಸಿಮೆಂಟಿನ ಯುಗ ಆರಂಭವಾಗಿದ್ದ ಕಾಲದಲ್ಲಿ ಈ ಕಟ್ಟೆಯನ್ನು ಕಟ್ಟಿದ್ದು ಕಲ್ಲಿನಿಂದ, ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ. ಸುರ್ಕಿ ಎಂದರೆ ಸುಟ್ಟ ಮಣ್ಣಿನ ಪುಡಿ. ಸುಣ್ಣದೊಡನೆ ಅರೆದರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಕಲ್ಲು ಸುತ್ತಲ ಗುಡ್ಡದ್ದೇ, ಕೈಗಳು ಸಾವಿರಾರು. ಸುಮಾರು 49 ಮೀಟರ್ ಎತ್ತರ, 33 ತೂಬುಬಾಗಿಲು, ಆಗ ಲೆಕ್ಕ ಹಾಕಿದ ಸಂಗ್ರಹ 133 ಟಿಎಂಸಿ. 1953ರ ಜುಲೈ 1ರಂದು ಕಾಲುವೆಗೆ ನೀರು ಬಿಟ್ಟರು. ರಾಜ್ಯ ಬದಲಾಗಲು ಸರಿಯಾಗಿ ಮೂರು ತಿಂಗಳಿತ್ತು.

ಎರಡೂ ದಡ ಸೇರಿ ಸುಮಾರು 90 ಹಳ್ಳಿ, 54 ಸಾವಿರದಷ್ಟು ಜನ ಎದ್ದು ಹೋಗಬೇಕಾಯಿತು. ಈ ದಡದಲ್ಲಿ ಮುಳುಗಿದ್ದು ಇಂದಿನ ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಸಪೇಟೆ ತಾಲ್ಲೂಕುಗಳ ಹೊಳೆಸಾಲಿನ ಎರೆ ಭೂಮಿ. ನಾರಾಯಣದೇವರಕೆರೆಯಂಥ ತುಂಬಿದ ಊರು ನೀರಿನಡಿ ಹೋಯಿತು. ಅಲ್ಲಿನವರು ಮರಿಯಮ್ಮನಹಳ್ಳಿಯಲ್ಲಿ ಬದುಕು ಕಟ್ಟಿಕೊಂಡರು. ಮುಂದೆ ಉಪಮುಖ್ಯಮಂತ್ರಿಯಾದ ಎಂ. ಪಿ. ಪ್ರಕಾಶ್ ಹುಟ್ಟಿದ್ದು 1940ರಲ್ಲಿ ಆ ಊರಿನಲ್ಲೇ. ಊರು ಬಿಟ್ಟವರು ದೇವರನ್ನೂ ಹೊತ್ತು ತಂದರು. ಹೊಲದ ಮಣ್ಣನ್ನು ತರಲಾಗಲಿಲ್ಲ. ಪರಿಹಾರದ ಹಣದಲ್ಲಿ ಕೊಂಡ ಮಸಾರಿ ನೆಲ ಹೊಳೆದಂಡೆಯ ಎರೆಗೆ ಎಂದೂ ಸಾಟಿಯಾಗುವುದಿಲ್ಲ ಎಂಬುದು ಬೇಸಾಯ ಬಲ್ಲವರಿಗೆಲ್ಲ ಗೊತ್ತು.

ನೀರು ಹೋದದ್ದು ಎಲ್ಲಿಗೆ? ಬಲದಂಡೆಯಲ್ಲಿ ಬಳ್ಳಾರಿ, ಸಿರುಗುಪ್ಪ, ಕರ್ನೂಲು, ಮುಂದೆ ಮೇಲ್ಮಟ್ಟದ ಕಾಲುವೆಯಿಂದ ಅನಂತಪುರ. ಎಡದಂಡೆಯಲ್ಲಿ ಕೊಪ್ಪಳ, ರಾಯಚೂರು. ಅಣೆಕಟ್ಟೆಯಿಂದ ಮೇಲಕ್ಕಿರುವ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಿಗೆ ಕಾಲುವೆ ಹರಿಯುವಂತಿರಲಿಲ್ಲ. ಇದರಲ್ಲಿ ಯಾರ ಸಂಚೂ ಇಲ್ಲ, ಭೂಮಿಯ ಇಳಿಜಾರೇ ಹಾಗಿದೆ. ಆದರೆ ಇಳಿಜಾರಿನಿಂದ ಆದ ಅನ್ಯಾಯವನ್ನು ಏತದಿಂದ ಸರಿಪಡಿಸಬಹುದಿತ್ತು. ಸಿಂಗಟಾಲೂರು ಏತ ನೀರಾವರಿಯಿಂದ ಹಡಗಲಿಯ ಒಂದು ಭಾಗಕ್ಕೆ ನೀರು ಸಿಗುವ ಹೊತ್ತಿಗೆ ಅಣೆಕಟ್ಟೆಗೆ ಅರ್ಧ ಶತಮಾನ ದಾಟಿತ್ತು. ಅಷ್ಟು ದೀರ್ಘ ವಿಳಂಬಕ್ಕೆ ಸಮರ್ಥನೆ ನನಗೆ ಕಾಣುತ್ತಿಲ್ಲ.

ನೀರು ಗಡಿಯನ್ನು ಮತ್ತೆ ಕೆದಕಿತು. 1955ರ ಸೆಪ್ಟೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗವು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನೂ ಅಣೆಕಟ್ಟೆಯಿರುವ ಮಲ್ಲಾಪುರ ಉಪತಾಲ್ಲೂಕಿನ ಒಂದು ಚೂರನ್ನೂ ಆಂಧ್ರಕ್ಕೆ ಕೊಡಬೇಕೆಂದು ಸೂಚಿಸಿತು. ಯೋಜನೆಯ ಹಿತ ಅದಕ್ಕೆ ಮುಖ್ಯ ಆಧಾರ. ಆ ಸೂಚನೆ ಜಾರಿಯಾಗಿದ್ದರೆ ಕಟ್ಟೆ ಒಂದು ರಾಜ್ಯಕ್ಕೆ, ಮುಳುಗಿದ ಹೊಲಗಳ ಬಹುಭಾಗ ಇನ್ನೊಂದು ರಾಜ್ಯಕ್ಕೆ ಸೇರುತ್ತಿತ್ತು. ಕನ್ನಡಿಗರ ತೀವ್ರ ವಿರೋಧದಿಂದ ಅದು ಬಿದ್ದುಹೋಯಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವಾದಾಗ ಏಳೂ ತಾಲ್ಲೂಕುಗಳು ಅದರಲ್ಲೇ ಉಳಿದವು.

ಪಡುವಣ ಸೀಮೆಯ ಗಡಿ ಆಮೇಲೂ ಕದಲುತ್ತಲೇ ಬಂದಿದೆ. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಸವಲತ್ತು ಬಳ್ಳಾರಿ ಜಿಲ್ಲೆಗೆ ಸಿಕ್ಕಾಗ, ಅದೇ ಬರ ಕಂಡ, ಅದೇ ಮದ್ರಾಸ್ ಆಡಳಿತ ಕಂಡ ಹರಪನಹಳ್ಳಿ ಹೊರಗುಳಿಯಿತು. ಜನರ ಹೋರಾಟದ ಫಲವಾಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೇರಿವೆ. ಈ ಹೊಸ ಜಿಲ್ಲೆಯ ಗ್ಯಾಸೆಟಿಯರ್ ಬರೆಯುವವರು ಫ್ರಾನ್ಸಿಸ್ ಬರೆದ 1904ರ ಗ್ಯಾಸೆಟಿಯರ್‌ನಿಂದಲೋ 1972ರ ಬಳ್ಳಾರಿ ಗ್ಯಾಸೆಟಿಯರ್‌ನಿಂದಲೋ ಪುಟ ಎತ್ತಿಕೊಂಡರೆ ಸಾಲದು. ಮುಳುಗಡೆಯ ಹಳ್ಳಿಗಳ ಹಳೆಯ ಪಹಣಿ, ಭೂಸ್ವಾಧೀನದ ಕಡತ, ಹೊಸ ಊರುಗಳಲ್ಲಿ ಈಗ ಎಂಬತ್ತು ದಾಟಿರುವವರ ಹೇಳಿಕೆ ಇವನ್ನು ಮೊದಲು ಕೂಡಿಹಾಕಬೇಕು. ಮುಳುಗುವ ಮುನ್ನಿನ ಹೊಳೆಸಾಲನ್ನು ಕಣ್ಣಾರೆ ಕಂಡ ತಲೆಮಾರು ಅವರದೇ ಕೊನೆಯದು.