ಪಂಗಾಯನ್: ಮ್ಯಾಸಿಡೋನಿಯವನ್ನು ಬೆಳೆಸಿದ ಚಿನ್ನದ ಸೀಮೆ

ಉತ್ತರ ಗ್ರೀಸಿನಲ್ಲಿ, ಸ್ಟ್ರೈಮನ್ ನದಿಯ ಪೂರ್ವಕ್ಕೆ ಪಂಗಾಯನ್ ಪರ್ವತ 1,956 ಮೀಟರ್ ಎತ್ತರಕ್ಕೆ ಏರಿ ನಿಂತಿದೆ. ಮ್ಯಾಸಿಡೋನಿಯದ ಏಳಿಗೆಗೆ ಈ ಸೀಮೆಯ ಚಿನ್ನವೇ ಬೆನ್ನೆಲುಬು ಎನ್ನಲು ಆಧಾರಗಳಿವೆ. ಇಲ್ಲಿನ ಚಿನ್ನ-ಬೆಳ್ಳಿಯ ಗಣಿಗಳನ್ನು ಥ್ರೇಸಿನ ಬುಡಕಟ್ಟುಗಳು, ಅದರಲ್ಲೂ ಸಾತ್ರರು, ನಡೆಸುತ್ತಿದ್ದರೆಂದು ಕ್ರಿ.ಪೂ. 5ನೇ ಶತಮಾನದ ಹೆರೊಡೋಟಸ್ ಬರೆದಿದ್ದಾನೆ. ಕ್ರಿ.ಪೂ. 356ರಲ್ಲಿ ಮ್ಯಾಸಿಡೋನಿಯದ ದೊರೆ ಎರಡನೇ ಫಿಲಿಪ್ ಸಮೀಪದ ಕ್ರೆನಿಡೀಸ್ ಪಟ್ಟಣವನ್ನು ವಶಮಾಡಿಕೊಂಡು ಅದಕ್ಕೆ ಫಿಲಿಪ್ಪಿ ಎಂದು ತನ್ನದೇ ಹೆಸರಿಟ್ಟ. ಅಲ್ಲಿನ ಗಣಿಗಳಿಂದ ಅವನಿಗೆ ವರ್ಷಕ್ಕೆ 1,000 ಟ್ಯಾಲೆಂಟಿಗೂ (ಆ ಕಾಲದ ಗ್ರೀಕರ ತೂಕ-ಹಣದ ಮಾನ) ಮಿಕ್ಕಿ ಆದಾಯ ಬರುತ್ತಿತ್ತು ಎನ್ನುತ್ತಾನೆ ಪ್ರಾಚೀನ ಇತಿಹಾಸಕಾರ ಡಿಯೊಡೋರಸ್.

ಆ ಗಣಿಗಳು ಫಿಲಿಪ್ಪಿಯ ಸುತ್ತಲಿನ ಗುಡ್ಡಗಳಲ್ಲಿದ್ದವು, ಪಂಗಾಯನ್ನಿನಲ್ಲಲ್ಲ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಬೆಟ್ಟವೂ ಆ ಗುಡ್ಡಗಳೂ ಒಂದೇ ಬಯಲಿನ ಎರಡು ಅಂಚುಗಳು. ಹಿಂದಿನ ವರ್ಷವೇ ಸ್ಟ್ರೈಮನ್ ದಡದ ಆಂಫಿಪೊಲಿಸ್ ನಗರವನ್ನು ಗೆದ್ದಿದ್ದ ಫಿಲಿಪ್ಪನ ಕಣ್ಣು ಇಡೀ ಸೀಮೆಯ ಮೇಲಿತ್ತು. ಗೆಲುವು ತಂದದ್ದು ಉದ್ದ ಈಟಿಯ ಸೈನ್ಯ, ಚಿನ್ನವಲ್ಲ ಎನ್ನುವವರೂ ಇದ್ದಾರೆ. ಆದರೆ ವರ್ಷವಿಡೀ ದಂಡಿನಲ್ಲಿರುವ ಸೈನಿಕನಿಗೆ ಸಂಬಳ ಎಲ್ಲಿಂದ ಬರಬೇಕು? ಫಿಲಿಪ್ಪನ ಚಿನ್ನದ ನಾಣ್ಯವನ್ನೇ ನೋಡಿ: ಸುಮಾರು ಎಂಟೂವರೆ ಗ್ರಾಂ ತೂಕ, ಒಂದು ಕಡೆ ಎಲೆಗಳ ಕಿರೀಟ ತೊಟ್ಟ ಅಪೊಲೊ, ಇನ್ನೊಂದು ಕಡೆ ಜೋಡಿಕುದುರೆಯ ರಥ, ಅದರಡಿ ಅವನ ಹೆಸರು. ದೂರದ ಗಾಲ್ ನಾಡಿನ ಕೆಲ್ಟರು ಇದನ್ನೇ ಮಾದರಿಯಾಗಿಟ್ಟುಕೊಂಡು ತಮ್ಮ ನಾಣ್ಯಗಳನ್ನು ಟಂಕಿಸಿದರು.