ತೆರ್ಮಿನ್ಯೋಂ ಗ್ರಾಮದ ವಿಲೀನ

ಫ್ರಾನ್ಸ್ ದೇಶದ ಸವಾಯ್ ಪ್ರಾಂತದಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ, ದೊರೋಂ ಎಂಬ ಹೊಳೆಯು ಆರ್ಕ್ ನದಿಯನ್ನು ಸೇರುವೆಡೆಯಲ್ಲಿ ತೆರ್ಮಿನ್ಯೋಂ ಎಂಬ ಸಣ್ಣ ಗ್ರಾಮವಿರುವುದು. ಸಮುದ್ರಮಟ್ಟಕ್ಕಿಂತ ಸುಮಾರು ೧೩೦೦ ಮೀಟರು ಎತ್ತರದಲ್ಲಿರುವ ಈ ಊರಿನ ನಿವಾಸಿಗಳು ಕೆಲವೇ ನೂರು ಮಂದಿ. ಅದರ ಎಲ್ಲೆಯೊಳಗಣ ಭೂಮಿಯಾದರೋ ಸುಮಾರು ೧೮೦ ಚದರ ಕಿಲೋಮೀಟರು. ಜನವು ಅಲ್ಪ, ನೆಲವು ವಿಪುಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದರ ಚರಿತ್ರೆಯನ್ನು ವಿಚಾರಿಸತಕ್ಕದ್ದು.

ಸ್ವಂತ ಸಭೆಯೂ ಮೇಯರನೂ ಉಳ್ಳ ಸ್ಥಳೀಯಾಡಳಿತದ ಘಟಕಕ್ಕೆ ಆ ದೇಶದಲ್ಲಿ ಕಮ್ಯೂನ್ ಎಂದು ಹೆಸರು. ೨೦೧೭ನೆಯ ಜನವರಿ ೧ರಂದು ತೆರ್ಮಿನ್ಯೋಂ, ಬ್ರಾಮಾಂ, ಸೋಲಿಯೇರ್-ಸಾರ್ದಿಯೇರ್, ಲಾನ್ಸ್‌ಲೆಬೂರ್-ಮೋಂ-ಸೆನಿ, ಲಾನ್ಸ್‌ಲೆವಿಲಾರ್ ಎಂಬ ಐದು ಕಮ್ಯೂನುಗಳು ಕೂಡಿ ವಾಲ್-ಸೆನಿ ಎಂಬ ಒಂದೇ ಕಮ್ಯೂನಾದುವು. ಇದರಿಂದ ತೆರ್ಮಿನ್ಯೋಂ ಅಳಿಯಿತೆ, ಉಳಿಯಿತೆ ಎಂಬುದೇ ಪ್ರಕೃತ ವಿಚಾರ.

ಫ್ರೆಂಚ್ ಕಮ್ಯೂನು ೧೭೮೯ರ ಡಿಸೆಂಬರಿನ ಶಾಸನದಿಂದ ಹುಟ್ಟಿದುದೆಂಬುದು ಪ್ರಸಿದ್ಧವಾಗಿದೆ. ಆದರೆ ಸವಾಯಿಯು ಆಗ ಸಾರ್ಡಿನಿಯಾ ರಾಜರ ಅಧೀನದಲ್ಲಿದ್ದಿತು. ಆ ರಾಜರು ತೆರಿಗೆಯ ನಿರ್ಣಯಕ್ಕಾಗಿ ೧೭೨೮ರಿಂದ ೧೭೩೮ರವರೆಗೆ ಭೂಮಾಪನವನ್ನು ನಡೆಯಿಸಿ, ಒಂದೊಂದು ಗ್ರಾಮಸಮುದಾಯಕ್ಕೂ ಬೇರೆಬೇರೆ ನಕ್ಷೆಯನ್ನೂ, ನಕ್ಷೆಯ ಸಂಖ್ಯೆಗಳಿಗೆ ಹೊಲದೊಡೆಯರ ಹೆಸರುಗಳನ್ನು ಹೊಂದಿಸಿದ ಪಟ್ಟಿಯನ್ನೂ ಮಾಡಿಸಿದರು. ಆದುದರಿಂದ ಇಲ್ಲಿಯ ಗ್ರಾಮಸಮುದಾಯವು ಫ್ರೆಂಚ್ ಶಾಸನಕ್ಕಿಂತ ಹಳೆಯದು. ೧೭೯೨ರಲ್ಲಿ ಸವಾಯಿಯು ಫ್ರಾನ್ಸಿನ ವಶವಾಗಿ, ೧೮೧೪-೧೫ರಲ್ಲಿ ಮರಳಿ ಸಾರ್ಡಿನಿಯಾಕ್ಕೆ ಸಂದು, ೧೮೬೦ರ ಟ್ಯೂರಿನ್ ಒಪ್ಪಂದದಿಂದ ಪುನಃ ಫ್ರಾನ್ಸಿಗೆ ಸೇರಿತು. ಹೀಗೆ ಮೂರು ಸಲ ಆಳ್ವಿಕೆಯು ಮಾರ್ಪಟ್ಟರೂ ಸಮುದಾಯಕ್ಕೆ ಲೋಪವುಂಟಾಗಲಿಲ್ಲ.

೨೦೧೭ರ ಮಾರ್ಪಾಡು ಬೇರೆ ಬಗೆಯದು. ಸಣ್ಣ ಸಭೆಗಳಿಗೆ ದ್ರವ್ಯಬಲವೂ ಸಿಬ್ಬಂದಿಯೂ ಸಾಲದೆಂಬ ವಾದವು ನಿರಾಧಾರವಲ್ಲ. ಒಂದುಗೂಡುವ ಕಮ್ಯೂನುಗಳಿಗೆ ೨೦೧೫ರ ಶಾಸನವು ಸರಕಾರದ ಅನುದಾನದ ವಿಷಯದಲ್ಲಿ ಅನುಕೂಲವನ್ನೂ ಕಲ್ಪಿಸಿತು. ಹಳೆಯ ಗ್ರಾಮವು ‘ನಿಯುಕ್ತ ಕಮ್ಯೂನ್’ ಎನಿಸಿ ತನ್ನ ಹೆಸರನ್ನೂ, ನಿಯುಕ್ತ ಮೇಯರನನ್ನೂ, ಒಂದು ಶಾಖಾ ಕಚೇರಿಯನ್ನೂ ಇಟ್ಟುಕೊಳ್ಳಬಹುದು. ಆದರೆ ಅದಕ್ಕೆ ನ್ಯಾಯದೃಷ್ಟಿಯಲ್ಲಿ ಸ್ವತಂತ್ರವ್ಯಕ್ತಿತ್ವವಿಲ್ಲ. ಕಮ್ಯೂನಿನ ಹೆಸರಿನಲ್ಲಿದ್ದ ಭೂಮಿ, ಅಡವಿ, ಗೋಮಾಳ, ಸಾಲ ಎಲ್ಲವೂ ಹೊಸ ಕಮ್ಯೂನಿಗೆ ಸಲ್ಲುವುವು.

ತೆರ್ಮಿನ್ಯೋಂನಲ್ಲಿ ಇದು ಬರಿಯ ಬರಹದ ಮಾತಲ್ಲ. ಅಲ್ಲಿಯ ಎತ್ತರದ ಹುಲ್ಲುಗಾವಲುಗಳಿಗೆ ಬೇಸಗೆಯಲ್ಲಿ ಹಸುಗಳನ್ನು ಹತ್ತಿಸಿ, ಬೆರಳೆಣಿಕೆಯ ಮನೆಗಳವರು ಊರ ಹೆಸರಿನ ನೀಲಿ ಚೀಸನ್ನು ತಯಾರಿಸುವರು. ಮೇಲಣ ನೆಲದ ಬಹುಭಾಗವು ೧೯೬೩ರಲ್ಲಿ ಸ್ಥಾಪಿತವಾದ ವಾನ್ವಾಜ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಇಂತಹ ನೆಲದ ವಿಷಯದಲ್ಲಿ ಕಮ್ಯೂನಿಗಿರುವ ಅಧಿಕಾರವು ಈಗ ಐದು ಊರುಗಳವರು ಕೂಡಿ ಆರಿಸಿದ ಸಭೆಯದು.

ಆದುದರಿಂದ ಹೆಸರು ಉಳಿದುದನ್ನು ನೋಡಿ ಗ್ರಾಮವೇ ಉಳಿಯಿತೆಂದು ಚರಿತ್ರಕಾರನು ನಿರ್ಣಯಿಸಬಾರದು. ಹದಿನೆಂಟನೆಯ ಶತಮಾನದ ಭೂಮಾಪಕರು ಸಮುದಾಯವನ್ನು ಅದರ ನೆಲದೊಡನೆ ಸೇರಿಸಿಯೇ ಬರೆದಿಟ್ಟರು. ಆ ಎರಡರ ಸಂಬಂಧವು ಸಡಿಲಿದುದೇ ಈ ವಿಲೀನದ ಮುಖ್ಯ ಫಲವೆಂದು ನಮಗೆ ತೋರುತ್ತದೆ.